ತೂಕ ಇಳಿಸಲು ವಾರಕ್ಕೊಂದು ಫೋನು

(ಹಿಮಾಯತ್‌ನಗರದಲ್ಲಿ ನಡೆದ ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ನಿವೃತ್ತನಾದವನು. ಆದ್ದರಿಂದ ನನ್ನಿಂದ ಔಷಧದ ಮಾತು ನಿರೀಕ್ಷಿಸಬೇಡಿ. ಲೆಕ್ಕದ ಮಾತು ಮಾತ್ರ ಹೇಳುತ್ತೇನೆ.

ನಿಧಿಗೆ ಬರುವ ಅರ್ಜಿಗಳನ್ನು ಓದಿ ಸಮಿತಿಯ ಮುಂದಿಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಡಯಾಲಿಸಿಸ್, ಹೃದಯಕ್ಕೆ ಸ್ಟೆಂಟ್, ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ತೆಗೆಸಿದ್ದು, ಮೊಣಕಾಲು ಬದಲಾವಣೆ. ಹೆಚ್ಚಿನ ಅರ್ಜಿಗಳು ಇವೇ. ಅರ್ಜಿಯ ಜೊತೆ ಹಳೆಯ ಚೀಟಿಗಳ ಕಟ್ಟು ಇರುತ್ತದೆ. ಬ್ಯಾಂಕಿನ ಅಭ್ಯಾಸ, ನಾನು ಕಡೆಯ ಹಾಳೆಯಿಂದ ಮೊದಲ ಹಾಳೆಯವರೆಗೂ ತಿರುವುತ್ತೇನೆ. ಎಂಟು ಹತ್ತು ವರ್ಷದ ಹಿಂದಿನ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: ‘ತೂಕ ಇಳಿಸಿ, ನಡೆಯಿರಿ.’ ಮುಂದಿನ ಚೀಟಿಯಲ್ಲೂ ಅದೇ ಸಾಲು. ಅದರ ಮುಂದಿನದರಲ್ಲೂ ಅದೇ. ಎರಡು ಚೀಟಿಗಳ ನಡುವಿನ ಆರು ತಿಂಗಳಲ್ಲಿ ಆ ಮನುಷ್ಯನಿಗೆ ‘ಏನಾಯ್ತು, ಎಷ್ಟು ಇಳಿಯಿತು’ ಎಂದು ಕೇಳಿದವರು ಯಾರೂ ಇಲ್ಲ.

ಇದು ಡಾಕ್ಟರ ತಪ್ಪಲ್ಲ. ಒಬ್ಬ ರೋಗಿಗೆ ಐದು ನಿಮಿಷ ಕೊಡುವುದೇ ಅವರಿಗೆ ಕಷ್ಟ. ರೋಗಿಯ ತಪ್ಪೂ ಅಲ್ಲ. ತೂಕ ಇಳಿಸಬೇಕು ಎಂದು ಗೊತ್ತಿಲ್ಲದವರು ಈ ಸಭೆಯಲ್ಲಿ ಯಾರಿದ್ದಾರೆ? ಗೊತ್ತಿರುವುದನ್ನು ವಾರ ವಾರ ನಡೆಸಿಕೊಂಡು ಹೋಗುವುದಕ್ಕೆ ಜೊತೆಗೊಬ್ಬರು ಬೇಕು. ಆ ಜೊತೆಯನ್ನು ಫೋನಿನಲ್ಲಿ ಕೊಡಬಹುದು, ಅದನ್ನು ನಮ್ಮ ಸಂಘ ಕೊಡಬೇಕು ಎಂಬುದೇ ನಾನು ಇಂದು ಹೇಳಲು ಬಂದಿರುವ ವಿಷಯ.

ಬ್ಯಾಂಕಿನವರಿಗೆ ಇದು ಹೊಸ ಮಾತಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಡಾ. ಟಿ.ಎಂ.ಎ. ಪೈ ಅವರ ಯೋಜನೆ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ಪಡೆದು ಚೀಟಿ ಕೊಡುತ್ತಿದ್ದ. ಉಳಿತಾಯ ಒಳ್ಳೆಯದು ಎಂದು ಮೀನು ಮಾರುವ ಹೆಂಗಸಿಗೂ ಬೀಡಿ ಕಟ್ಟುವವರಿಗೂ ಮೊದಲೇ ಗೊತ್ತಿತ್ತು. ಬ್ಯಾಂಕಿನವರೆಗೆ ನಡೆದು ಹೋಗಿ ಎರಡಾಣೆ ಕಟ್ಟುವುದು ಆಗದ ಮಾತಾಗಿತ್ತು. ಏಜೆಂಟ್ ಬಾಗಿಲಿಗೆ ಬಂದ ಮೇಲೆ ಎರಡಾಣೆ ತಪ್ಪದೆ ಜಮೆಯಾಗತೊಡಗಿತು. ಜನರ ಗುಣ ಬದಲಾಗಲಿಲ್ಲ, ವ್ಯವಸ್ಥೆ ಬದಲಾಯಿತು. ತೂಕದ ವಿಷಯದಲ್ಲೂ ಬೇಕಾಗಿರುವುದು ಬಾಗಿಲಿಗೆ ಬರುವ ಒಬ್ಬ ಪಿಗ್ಮಿ ಏಜೆಂಟ್. ಈಗಿನ ಕಾಲಕ್ಕೆ ಆ ಬಾಗಿಲು ಎಂದರೆ ಫೋನು.

‘ಫೋನಿನಲ್ಲಿ ಮಾತಾಡಿದರೆ ತೂಕ ಇಳಿಯುತ್ತದೆಯೇ?’ ಎಂದು ಸಮಿತಿಯಲ್ಲಿ ಕೆಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಸಿಕ್ಕಿದೆ. ಅಲ್ಲಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡಾ. ಲಾರೆನ್ಸ್ ಆಪೆಲ್ ಮತ್ತು ಸಂಗಡಿಗರು ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು, ಜನ ದಿನನಿತ್ಯ ಹೋಗುವ ಆರು ಸಾಮಾನ್ಯ ಚಿಕಿತ್ಸಾಲಯಗಳಿಂದ 415 ಜನ ಸ್ಥೂಲಕಾಯದವರನ್ನು ತೆಗೆದುಕೊಂಡು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸಾಮಾನ್ಯ ಸಲಹೆ ಮಾತ್ರ. ಎರಡನೆಯ ಗುಂಪಿಗೆ ಫೋನು, ಇಮೇಲ್ ಮತ್ತು ತೂಕ ಬರೆದಿಡಲು ಕಂಪ್ಯೂಟರ್ ಪುಟ. ಮೂರನೆಯ ಗುಂಪಿಗೆ ಇವುಗಳ ಜೊತೆಗೆ ಮುಖಾಮುಖಿ ಭೇಟಿಗಳು. ಎರಡು ವರ್ಷದ ನಂತರ ತೂಗಿದರು. ಸಲಹೆ ಮಾತ್ರ ಪಡೆದವರು ಸರಾಸರಿ 0.8 ಕಿಲೋ ಇಳಿದಿದ್ದರು. ಮುಖಾಮುಖಿ ಭೇಟಿ ಇದ್ದವರು 5.1 ಕಿಲೋ. ದೂರದಿಂದಲೇ ನೆರವು ಪಡೆದವರು 4.6 ಕಿಲೋ. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಎದುರು ಕೂತು ಹೇಳಿದ್ದಕ್ಕೂ ಫೋನಿನಲ್ಲಿ ಹೇಳಿದ್ದಕ್ಕೂ ನಡುವಿನ ವ್ಯತ್ಯಾಸ ಅರ್ಧ ಕಿಲೋ!

ಆ ಯೋಜನೆಯಲ್ಲಿ ಮೊದಲ ಮೂರು ತಿಂಗಳು ವಾರಕ್ಕೊಂದು ಕರೆ, ಆಮೇಲೆ ತಿಂಗಳಿಗೊಂದು ಕರೆ ಎಂಬ ಕ್ರಮವಿತ್ತು. ಎರಡು ವರ್ಷಕ್ಕೆ 33 ಕರೆಗಳಾದವು. ಒಂದೊಂದು ಕರೆ ಇಪ್ಪತ್ತು ನಿಮಿಷ ಎಂದು ಹಿಡಿದರೆ ಒಟ್ಟು 11 ಗಂಟೆ. ಎರಡು ವರ್ಷದಲ್ಲಿ ಹನ್ನೊಂದು ಗಂಟೆ! ಒಬ್ಬ ಡಯಾಲಿಸಿಸ್ ರೋಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗುತ್ತಾರೆ. ಅವರ ಒಂದು ವಾರ ಇವರ ಎರಡು ವರ್ಷಕ್ಕಿಂತ ಹೆಚ್ಚು.

ಇನ್ನೊಂದು ವಿಷಯ ಗಮನಿಸಬೇಕು. ಕರೆ ಮಾಡುವವರು ರೋಗಿಯ ಪ್ರಗತಿಯನ್ನು ಆತನ ಸ್ವಂತ ಡಾಕ್ಟರಿಗೆ ತಿಳಿಸುತ್ತಿದ್ದರು. ರೋಗಿ ಮುಂದಿನ ಸಲ ಹೋದಾಗ ಡಾಕ್ಟರ್ ಆ ಹಾಳೆ ನೋಡಿ ಎರಡು ಮಾತು ಆಡುತ್ತಿದ್ದರು. ಫೋನು ಡಾಕ್ಟರನ್ನು ಬದಿಗೆ ಸರಿಸಲಿಲ್ಲ, ಡಾಕ್ಟರ ಮಾತು ಮನೆಯವರೆಗೂ ತಲುಪುವಂತೆ ಮಾಡಿತು.

ಎಲ್ಲರೂ ಇಳಿದರೆ? ಇಲ್ಲ. ದಾನಿಗಳ ಮುಂದೆ ಪೂರ್ತಿ ಲೆಕ್ಕ ಇಡಬೇಕು. ತಮ್ಮ ತೂಕದಲ್ಲಿ ನೂರಕ್ಕೆ ಐದು ಭಾಗವಾದರೂ ಇಳಿಸಿದವರು ಫೋನಿನ ಗುಂಪಿನಲ್ಲಿ ಶೇ. 38, ಸಲಹೆ ಮಾತ್ರ ಪಡೆದ ಗುಂಪಿನಲ್ಲಿ ಶೇ. 19. ಅಂದರೆ ಯಶಸ್ಸು ಇಮ್ಮಡಿಯಾಯಿತು, ಆದರೂ ಅರ್ಧಕ್ಕಿಂತ ಹೆಚ್ಚು ಜನ ಆ ಗುರಿ ಮುಟ್ಟಲಿಲ್ಲ. ಇಪ್ಪತ್ತು ಜನರಿಗೆ ನಾವು ನೆರವು ಕೊಟ್ಟು ಏಳೆಂಟು ಜನ ಗುರಿ ಮುಟ್ಟಿದರೆ ಅದು ಒಳ್ಳೆಯ ಫಲ ಎಂದೇ ತಿಳಿಯಬೇಕು.

ಅಮೆರಿಕದ ಮಾತು ನಮಗೆ ಹೊಂದುತ್ತದೆಯೇ ಎಂದರೆ, ಪಕ್ಕದ ಚೆನ್ನೈಯನ್ನು ನೋಡೋಣ. ಡಾ. ಎ. ರಾಮಚಂದ್ರನ್ ಮತ್ತು ಅವರ ತಂಡದವರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದ 531 ಜನರನ್ನು ಮೂರು ವರ್ಷ ಗಮನಿಸಿದರು. 2006ರಲ್ಲಿ ಫಲಿತಾಂಶ ಬಂತು. ಊಟ ಮತ್ತು ನಡಿಗೆಯ ಸಲಹೆ ಪಡೆದವರಿಗೆ ತಿಂಗಳಿಗೊಮ್ಮೆ ಫೋನು, ಆರು ತಿಂಗಳಿಗೊಮ್ಮೆ ಭೇಟಿ. ಅವರಲ್ಲಿ ಸಕ್ಕರೆ ಕಾಯಿಲೆ ಬರುವ ಸಂಭವ ಶೇ. 28.5ರಷ್ಟು ಕಡಿಮೆಯಾಯಿತು. ಅಚ್ಚರಿಯ ಮಾತೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ಊಟ, ನಡಿಗೆ ಸರಿಹೋದದ್ದರ ಫಲ ರಕ್ತದಲ್ಲಿ ಕಂಡಿತು. ಅದೇ ತಂಡ 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 537 ಗಂಡಸರಲ್ಲಿ ಒಂದು ಗುಂಪಿಗೆ ಮೊಬೈಲಿನಲ್ಲಿ ಸಂದೇಶ ಕಳಿಸುತ್ತ ಬಂದರು. ಎರಡು ವರ್ಷದಲ್ಲಿ ಸಂದೇಶ ಪಡೆದವರಲ್ಲಿ ಶೇ. 18 ಜನರಿಗೆ, ಪಡೆಯದವರಲ್ಲಿ ಶೇ. 27 ಜನರಿಗೆ ಸಕ್ಕರೆ ಕಾಯಿಲೆ ಬಂತು.

ದೇಶದ ಸ್ಥಿತಿ ಹೇಗಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಬಂತು. ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ಇರುವವರು 13.6 ಕೋಟಿ. ಹೊಟ್ಟೆಯ ಬೊಜ್ಜು ಇರುವವರು ವಯಸ್ಕರಲ್ಲಿ ನೂರಕ್ಕೆ 39ಕ್ಕೂ ಹೆಚ್ಚು. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ, ಬಿ.ಪಿ. ಬರುತ್ತವೆ. ಆದ್ದರಿಂದಲೇ ಭಾರತೀಯರಿಗೆ ಸೊಂಟದ ಅಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಎಂದು ತಜ್ಞರು ಗೆರೆ ಹಾಕಿದ್ದಾರೆ. ಮನೆಯಲ್ಲಿ ಟೇಲರ್ ಟೇಪ್ ಇದ್ದರೆ ಇಂದು ರಾತ್ರಿಯೇ ಅಳೆದು ನೋಡಿ.

ಈಗ ನಮ್ಮ ಮನೆಯ ಮಾತು. ನನ್ನ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವರಿಗೆ ಅರವತ್ತೆರಡು ವರ್ಷ. ಸಕ್ಕರೆ ಇದೆ, ಮೊಣಕಾಲು ನೋವು ಇದೆ. ತೂಕ 74 ಕಿಲೋ ಇತ್ತು. ನಮ್ಮ ಕುಟುಂಬದ ಡಾಕ್ಟರ ಚಿಕಿತ್ಸಾಲಯದಲ್ಲಿ ಆಹಾರದ ಸಲಹೆ ಕೊಡುವ ಹೆಣ್ಣುಮಗಳೊಬ್ಬಳಿದ್ದಾಳೆ, ಬೀದರ ಕಡೆಯವಳು. ಡಾಕ್ಟರು ‘ವಾರಕ್ಕೊಮ್ಮೆ ಇವರಿಗೆ ಫೋನ್ ಮಾಡು’ ಎಂದು ಅವಳಿಗೆ ಒಪ್ಪಿಸಿದರು. ಬುಧವಾರ ಸಂಜೆ ಫೋನು ಬರುತ್ತಿತ್ತು. ಸ್ಪೀಕರ್ ಹಾಕಿದಾಗ ನನ್ನ ಕಿವಿಗೂ ಬೀಳುತ್ತಿತ್ತು.

‘ಅಮ್ಮಾರ, ಆರಾಮ್ ಇದ್ದೀರೇನ್ರೀ? ಈ ವಾರ ತೂಕ ನೋಡಿದ್ರೇನು?’

‘ನೋಡೀನವ್ವ. ಹೋದ ವಾರದಷ್ಟೇ ಅದ.’

‘ಇರ್ಲಿ ಬಿಡ್ರಿ, ಏರಿಲ್ಲಲ್ಲ. ಎಷ್ಟು ದಿನ ನಡದ್ರಿ?’

‘ಮೂರು ದಿನ. ಆಮ್ಯಾಲ ಮೊಮ್ಮಗನಿಗೆ ಜ್ವರ ಬಂತು, ಹೊರಗ ಹೋಗಲಿಲ್ಲ.’

‘ಹಂಗಾದ್ರ ಮುಂದಿನ ವಾರ ಉಂಡ ಮ್ಯಾಲ ಮನ್ಯಾಗೇ ಹತ್ತು ನಿಮಿಷ ಅಡ್ಡಾಡ್ರಿ. ಎರಡು ಹೊತ್ತು ಸಾಕು. ಮತ್ತ ಬುಧವಾರ ಕೇಳ್ತೀನಿ.’

ಅಷ್ಟೇ. ಬೈಗುಳ ಇಲ್ಲ, ಉಪದೇಶ ಇಲ್ಲ. ‘ಮತ್ತ ಬುಧವಾರ ಕೇಳ್ತೀನಿ’ ಎಂಬ ಆ ಒಂದು ಮಾತಿಗೆ ನಮ್ಮ ಮನೆಯಲ್ಲಿ ಮಂಗಳವಾರ ರಾತ್ರಿಯ ಊಟ ತಾನಾಗಿ ಹಗುರವಾಗುತ್ತಿತ್ತು! ಹದಿನಾಲ್ಕು ತಿಂಗಳಲ್ಲಿ ತೂಕ ಅರವತ್ತೊಂಬತ್ತೂವರೆ ಕಿಲೋಗೆ ಬಂತು. ನಾಲ್ಕೂವರೆ ಕಿಲೋ ಏನು ಮಹಾ ಎನ್ನಬಹುದು. ಮೊಣಕಾಲು ಸವೆತ ಇರುವವರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲೆ ನಾಲ್ಕು ಕಿಲೋ ಭಾರ ಕಡಿಮೆ. ನಾಲ್ಕೂವರೆಗೆ ಹದಿನೆಂಟು ಕಿಲೋ ಆಯಿತು. ಈಗ ಅವರು ನಮ್ಮ ಮನೆಯ ಎರಡು ಮಹಡಿ ಹತ್ತುವಾಗ ನಡುವೆ ನಿಲ್ಲುವುದಿಲ್ಲ.

ಇದರಲ್ಲಿ ಕನ್ನಡದ ಪಾತ್ರವೂ ದೊಡ್ಡದು. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಹಿರಿಯ ಹೆಣ್ಣುಮಕ್ಕಳು ತರಕಾರಿಯವನ ಜೊತೆ ತೆಲುಗಿನಲ್ಲಿ, ಆಟೋದವನ ಜೊತೆ ಹಿಂದಿಯಲ್ಲಿ ವ್ಯವಹಾರ ಮಾಡುತ್ತಾರೆ. ಆದರೆ ‘ರಾತ್ರಿ ಹಸಿವಾಗಿ ಎದ್ದು ಎರಡು ಉಂಡಿ ತಿಂದೆ’ ಎಂದು ಹೇಳಿಕೊಳ್ಳುವುದಕ್ಕೆ ತಾಯಿನುಡಿಯೇ ಬೇಕು. ಚಿಕಿತ್ಸಾಲಯಗಳಲ್ಲಿ ಕೊಡುವ ಆಹಾರದ ಪಟ್ಟಿಯಲ್ಲಿ ಓಟ್ಸ್, ಬ್ರೊಕೊಲಿ ಇರುತ್ತವೆ. ನಮ್ಮ ಮನೆಯಲ್ಲಿ ಇರುವುದು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಎಣ್ಣೆಗಾಯಿ. ರೊಟ್ಟಿ ಎಷ್ಟು, ಚಟ್ನಿ ಎಷ್ಟು, ಎಣ್ಣೆಗಾಯಿಗೆ ಎಣ್ಣೆ ಎಷ್ಟು ಎಂದು ಹೇಳಬಲ್ಲವರು ನಮ್ಮ ಅಡುಗೆ ಮನೆ ಗೊತ್ತಿರುವವರೇ.

ಸರಿಯಾದ ಅಳತೆ ಹುಡುಕಲು ನಾವು ದೂರ ಹೋಗಬೇಕಿಲ್ಲ. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆ ಇಲ್ಲೇ ತಾರ್ನಾಕಾದಲ್ಲಿ ಇದೆ. 2024ರ ಮೇ ತಿಂಗಳಲ್ಲಿ ಅದು ಭಾರತೀಯರ ಆಹಾರಕ್ಕೆ 17 ಸೂತ್ರಗಳನ್ನು ಕೊಟ್ಟಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರ ತಟ್ಟೆಯಲ್ಲಿ ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಧಾನ್ಯ 250 ಗ್ರಾಂ, ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ. ಇದನ್ನು ಮನೆಯ ಲೆಕ್ಕಕ್ಕೆ ತಂದರೆ ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ನಿಮ್ಮ ಕಿರಾಣಿ ಚೀಟಿ ತೆಗೆದು ನೋಡಿ. ಸಕ್ಕರೆಯೂ ಹಾಗೆಯೇ. ದಿನಕ್ಕೆ ನಾಲ್ಕು ಕಪ್ ಚಹಾ, ಕಪ್ಪಿಗೆ ಎರಡು ಚಮಚೆ ಎಂದರೆ ಸುಮಾರು 40 ಗ್ರಾಂ, ತಿಂಗಳಿಗೆ ಒಬ್ಬರಿಗೇ ಒಂದು ಕಿಲೋ ಮೀರುತ್ತದೆ. ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ಈ ಲೆಕ್ಕಕ್ಕೆ ಸೇರಿಸಿಲ್ಲ!

ಸರ್ಕಾರ ಇದನ್ನು ಮಾಡುತ್ತಿಲ್ಲವೇ ಎಂದು ಕೇಳಬಹುದು. ಫೋನಿನಲ್ಲಿ ಆರೋಗ್ಯ ಸಲಹೆ ಎಂಬುದು ಈ ಊರಿಗೆ ಹೊಸದಲ್ಲ. 104 ಸಹಾಯವಾಣಿ 2007ರಲ್ಲಿ ಹೈದರಾಬಾದಿನಿಂದಲೇ ಆರಂಭವಾಯಿತು, ಕರ್ನಾಟಕಕ್ಕೆ ಹುಬ್ಬಳ್ಳಿಯಿಂದ 104 ಆರೋಗ್ಯವಾಣಿ ಬಂತು. ಮನಸ್ಸಿನ ತೊಂದರೆಗೆ 2022ರಿಂದ 14416 ಟೆಲಿ ಮಾನಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನೆಲುಬು. ಇವೆಲ್ಲ ನಾವು ಕರೆ ಮಾಡಿದರೆ ಉತ್ತರಿಸುವ ವ್ಯವಸ್ಥೆಗಳು. ನಾನು ಹೇಳುತ್ತಿರುವುದು ಅವರೇ ನಮಗೆ ಕರೆ ಮಾಡುವ ವ್ಯವಸ್ಥೆ. ಬಸ್ತಿ ದವಾಖಾನೆಗಳು 2018ರಿಂದ ನಮ್ಮ ನಗರದಲ್ಲಿವೆ; ಬಿ.ಪಿ., ಸಕ್ಕರೆ ನೋಡಿ ಮಾತ್ರೆ ಕೊಡುತ್ತಾರೆ. ಆರೋಗ್ಯಶ್ರೀ ಮಿತಿ 2023ರ ಡಿಸೆಂಬರಿನಲ್ಲಿ ಹತ್ತು ಲಕ್ಷಕ್ಕೆ ಏರಿದೆ. ಆದರೆ ಅದು ಆಸ್ಪತ್ರೆಯ ಚಿಕಿತ್ಸೆಯ ಖರ್ಚು ಕೊಡುವ ಯೋಜನೆ. ಆಸ್ಪತ್ರೆ ಸೇರುವ ದಿನವನ್ನು ದೂರ ತಳ್ಳುವ ಆ ಇಪ್ಪತ್ತು ನಿಮಿಷದ ಫೋನಿಗೆ ಹಣ ಕೊಡುವವರು ಇಲ್ಲ. ಆ ಖಾಲಿ ಜಾಗದಲ್ಲಿ ನಮ್ಮಂಥ ಸಣ್ಣ ಸಂಘಕ್ಕೆ ಕೆಲಸವಿದೆ.

‘ಊಟ ಕಡಿಮೆ ಮಾಡುವುದಕ್ಕೆ ದಾನದ ಹಣ ಯಾಕೆ?’ ಎಂದು ಒಬ್ಬ ಹಿರಿಯ ದಾನಿಗಳು ನನ್ನನ್ನು ಕೇಳಿದರು. ಅವರ ಬಗ್ಗೆ ನನಗೆ ಗೌರವವಿದೆ. ಬರೀ ಊಟ ಕಡಿಮೆ ಮಾಡಿದರೆ ತೂಕ ಇಳಿಯುವುದಾದರೆ ಯಾರ ನೆರವೂ ಬೇಕಿರಲಿಲ್ಲ. ಥೈರಾಯ್ಡ್, ಕೆಲವು ಔಷಧಗಳು, ನಿದ್ದೆಗೆಡಿಸುವ ರಾತ್ರಿಪಾಳಿ, ಮೊಣಕಾಲು ನೋವು, ನಡೆಯಲು ಫುಟ್‌ಪಾತ್ ಇಲ್ಲದ ರಸ್ತೆ, ಇವೆಲ್ಲ ಸೇರಿ ತೂಕ ಏರುತ್ತದೆ. ಲಿಬರ್ಟಿಯಿಂದ ನಾರಾಯಣಗುಡಾದವರೆಗೆ ಸಂಜೆ ಆರು ಗಂಟೆಗೆ ನಡೆದು ನೋಡಿದವರಿಗೆ ನಾನು ವಿವರಿಸಬೇಕಿಲ್ಲ. ಇಂದಿರಾ ಪಾರ್ಕಿಗೆ ಹೋಗೋಣವೆಂದರೆ ಎಷ್ಟೋ ಅಜ್ಜಿಯರಿಗೆ ರಸ್ತೆ ದಾಟುವುದೇ ಭಯ. 2025ರಲ್ಲಿ ನಮ್ಮ ದೇಶಕ್ಕೂ ಬಂದ ವಾರಕ್ಕೊಂದು ಚುಚ್ಚುಮದ್ದು ಡಾಕ್ಟರಿಗೆ ಬಿಟ್ಟ ವಿಷಯ. ಅದರ ಖರ್ಚು ನಮ್ಮ ನಿಧಿಗೆ ಎಟುಕುವುದಿಲ್ಲ.

ಡಯಾಲಿಸಿಸ್ ರೋಗಿಗಳ ಒಂದು ರೂಪಾಯಿಯನ್ನೂ ಇದಕ್ಕೆ ತಿರುಗಿಸಬಾರದು. ಇದು ನನ್ನ ಖಚಿತ ನಿಲುವು, ಸಮಿತಿಯೂ ಒಪ್ಪಿದೆ. ಇದಕ್ಕೆ ಬೇರೆ ಖಾತೆ, ಬೇರೆ ರಸೀದಿ ಪುಸ್ತಕ. ಮೊದಲ ಹಂತದಲ್ಲಿ ಇಪ್ಪತ್ತು ಸದಸ್ಯರು. ಒಂದು ಕರೆಗೆ ನೂರು ರೂಪಾಯಿ ಗೌರವಧನ ಎಂದು ಹಿಡಿದರೆ ಒಬ್ಬರಿಗೆ ಎರಡು ವರ್ಷಕ್ಕೆ 3,300 ರೂಪಾಯಿ, ಇಪ್ಪತ್ತು ಜನರಿಗೆ 66,000. ತೂಕದ ಯಂತ್ರ ಇಲ್ಲದವರಿಗೆ ಅದರ ಖರ್ಚು ಬೇರೆ. ಆರು ತಿಂಗಳಿಗೊಮ್ಮೆ ಎಷ್ಟು ಜನ ಉಳಿದರು, ಎಷ್ಟು ಜನ ಬಿಟ್ಟರು, ಎಷ್ಟು ಇಳಿಯಿತು ಎಂಬ ಲೆಕ್ಕ ಹೆಸರಿಲ್ಲದೆ ಈ ಪತ್ರಿಕೆಯಲ್ಲಿ ಬರುತ್ತದೆ. ಫಲ ಇಲ್ಲದಿದ್ದರೆ ಅದನ್ನೂ ಬರೆಯುತ್ತೇವೆ.

ಕೆಲವು ಕಟ್ಟುಪಾಡುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರ ಚೀಟಿ ಇಲ್ಲದೆ ಯಾರನ್ನೂ ಸೇರಿಸುವುದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿದರೆ ಸಕ್ಕರೆ ದಿಢೀರನೆ ಇಳಿಯಬಹುದು, ಔಷಧದ ಪ್ರಮಾಣ ಡಾಕ್ಟರೇ ನೋಡಬೇಕು. ಕರೆ ಮಾಡುವವರು ಔಷಧದ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ಸಂತೋಷದ ವಿಷಯವಲ್ಲ, ಕೂಡಲೇ ಡಾಕ್ಟರಿಗೆ ತೋರಿಸಬೇಕು. ಯಾರ ತೂಕವನ್ನೂ ಮತ್ತೊಬ್ಬರಿಗೆ ಹೇಳುವುದಿಲ್ಲ. ಸ್ಮಾರ್ಟ್‌ಫೋನ್ ಬೇಕಿಲ್ಲ, ಗುಂಡಿ ಒತ್ತುವ ಹಳೆಯ ಫೋನು ಸಾಕು. ಕಡೆಯದು ಬ್ಯಾಂಕಿನವನಾಗಿ ಹೇಳುವ ಮಾತು: ಸಂಘದಿಂದ ಕರೆ ಮಾಡುವವರು ಒಟಿಪಿ, ಆಧಾರ್, ಖಾತೆ ಸಂಖ್ಯೆ ಏನನ್ನೂ ಕೇಳುವುದಿಲ್ಲ. ಯಾರಾದರೂ ಸಂಘದ ಹೆಸರು ಹೇಳಿ ಕೇಳಿದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಯಾರು, ಯಾವ ದಿನ, ಯಾವ ನಂಬರಿನಿಂದ ಕರೆ ಮಾಡುತ್ತಾರೆ ಎಂಬುದನ್ನು ಮೊದಲೇ ಬರೆದು ಕೊಡುತ್ತೇವೆ.

ಈಗ ನನ್ನ ಕೋರಿಕೆ. ಮೊದಲನೆಯದು, ಹೆಸರು. ಡಾಕ್ಟರು ತೂಕ ಇಳಿಸಲು ಹೇಳಿದ್ದು, ಒಬ್ಬರೇ ಮಾಡಲಾಗದೆ ಇರುವವರು ಸಂಕೋಚ ಬಿಟ್ಟು ಹೆಸರು ಕೊಡಿ. ಎರಡನೆಯದು, ಸಮಯ. ಆಹಾರ ತಜ್ಞರಾಗಿರುವ, ನರ್ಸ್ ಆಗಿ ಕೆಲಸ ಮಾಡಿದ, ಶಿಕ್ಷಕರಾಗಿ ನಿವೃತ್ತರಾದ ಕನ್ನಡಿಗರು ನಮ್ಮಲ್ಲಿ ಇದ್ದಾರೆ. ತಜ್ಞರು ತರಬೇತಿ ಕೊಡಲಿ, ಉಳಿದವರು ವಾರಕ್ಕೆ ಒಂದು ಗಂಟೆ, ಮೂರು ಕರೆ ವಹಿಸಿಕೊಳ್ಳಲಿ. ಮೂರನೆಯದು, ಹಣ. 3,300 ರೂಪಾಯಿ ಕೊಟ್ಟರೆ ಒಬ್ಬರ ಎರಡು ವರ್ಷದ ಕರೆಗಳು ನಿಮ್ಮ ಲೆಕ್ಕಕ್ಕೆ. ಅಷ್ಟು ಆಗದವರು ಒಂದು ಕರೆಯ ನೂರು ರೂಪಾಯಿ ಕೊಡಿ, ಅದಕ್ಕೂ ರಸೀದಿ ಇದೆ.

ಹೊರಗಿನ ಮೇಜಿನ ಮೇಲೆ ಮೂರು ಪುಸ್ತಕ ಇಟ್ಟಿದ್ದೇವೆ. ಚಹಾಕ್ಕೆ ಹೋಗುವ ಮುನ್ನ ಯಾವುದಾದರೂ ಒಂದರಲ್ಲಿ ನಿಮ್ಮ ಹೆಸರು ಬರೆಯಿರಿ. ಚಹಾ ಇಂದು ಸಕ್ಕರೆ ಬೇರೆ ಇಟ್ಟು ಕೊಡುತ್ತಿದ್ದಾರೆ, ಬೇಕಾದಷ್ಟೇ ಹಾಕಿಕೊಳ್ಳಬಹುದು.